ಗಾಣ ನೋಡಿದ ಮೇಲೆ ಬೆಲ್ಲ-ನೀರು

ಅನಗವಾಡಿಯ ಸಿದರಾಯನಿಗೆ ನಂಬಿಕೆ ಇದ್ದದ್ದು ಎರಡರ ಮೇಲೆ ಮಾತ್ರ. ಒಂದು ಬೀರದೇವರು, ಇನ್ನೊಂದು ತನ್ನ ಸ್ವಂತ ಕಣ್ಣು. ಬಸ್ಸಿನ ಬೋರ್ಡು ಓದಿಯೂ ಕಂಡಕ್ಟರನನ್ನು ಕೇಳುವವನು, ಕಂಡಕ್ಟರ್ ಹೇಳಿದ ಮೇಲೂ ಪಕ್ಕದ ಸೀಟಿನವನನ್ನು ಇನ್ನೊಮ್ಮೆ ಕೇಳಿ ಕೂಡುವವನು. ಇಂಥವನ ಮನೆಯೊಳಗೆ ಸೊಸೆ ವೈಶಾಲಿ ಒಂದು ಮುದ್ರೆ ತಂದಳು ಎಂದರೆ, ಆ ಮನೆಯಲ್ಲಿ ಊಟದ ಹೊತ್ತಿಗೆ ಏನೇನು ನಡೆದಿರಬೇಕು ನೀವೇ ಊಹಿಸಿ.

ಮುದ್ರೆ ಎಂದರೆ ದೊಡ್ಡದೇನಲ್ಲ. ಅಂಗೈಯಷ್ಟು ಅಗಲದ ಹಸಿರು ಚೀಟಿ. ಬೆಲ್ಲದ ಪೆಂಟಿಯ, ಅಂದರೆ ದೊಡ್ಡ ಅಚ್ಚಿನ, ಮೇಲೆ ಅಂಟಿಸುವುದು. 'ಪುಡಿ ಹಾಕಿಲ್ಲ' ಎಂಬುದು ಅದರ ಅರ್ಥ. ನಮ್ಮ ಕಡೆ ಕಬ್ಬಿನ ಹಾಲು ಕುದಿಯುವಾಗ ಒಂದು ಚಮಚ ಬಿಳಿ ಪುಡಿ ಹಾಕಿದರೆ ಬೆಲ್ಲ ಅರಿಶಿಣದ ಬಣ್ಣಕ್ಕೆ ತಿರುಗುತ್ತದೆ, ಪೇಟೆಯಲ್ಲಿ ಬೇಗ ಹೋಗುತ್ತದೆ. ಹಾಕದಿದ್ದರೆ ಕಂದು, ಕೆಲವು ಸಲ ಕಪ್ಪು. ಆ ಪುಡಿ ಹೊಟ್ಟೆಗೆ ಒಳ್ಳೆಯದಲ್ಲ ಎನ್ನುವುದು ಹಾಕುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಹೀಗಾಗಿ ಮೂರು ಹಂಗಾಮಿನ ಹಿಂದೆ ಸುತ್ತಿನ ಹಳ್ಳಿಗಳ ಗಾಣದವರೇ ಸೇರಿ ಮುಧೋಳದಲ್ಲಿ ಒಂದು ಒಕ್ಕೂಟ ಮಾಡಿಕೊಂಡರು. ಪುಡಿ ಬಿಟ್ಟವರಿಗೆ ಮುದ್ರೆ, ಮುದ್ರೆಯ ಬೆಲ್ಲಕ್ಕೆ ನಾಲ್ಕು ಕಾಸು ಹೆಚ್ಚಿನ ದರ. ಅದಕ್ಕೆ ಪ್ರತಿಯಾಗಿ ಪೆಂಟಿಗೆ ಎರಡು ರೂಪಾಯಿ ವಂತಿಗೆಯನ್ನು ಒಕ್ಕೂಟ ಹಿಡಿದುಕೊಳ್ಳುತ್ತಿತ್ತು.

ಊರೂರಿನಲ್ಲಿ ತಪಾಸಣೆ ಮಾಡುವವರು ಹೊರಗಿನ ಸಾಹೇಬರಲ್ಲ. ಒಬ್ಬರ ಗಾಣವನ್ನು ಇನ್ನೊಬ್ಬರು ನೋಡಬೇಕು, ಹಾಳೆಯ ಮೇಲೆ ಬರೆಯಬೇಕು. ಅನಗವಾಡಿಯ ಹಾಳೆಗಳ ಕೆಳಗೆಲ್ಲ ಕೊನೆಯ ಸಹಿ ವೈಶಾಲಿಯದು. ಅವಳು ತೇರದಾಳದ ಹುಡುಗಿ, ಡಿಗ್ರಿ ಓದಿದವಳು, ಹೆದರಿಕೆ ಕಡಿಮೆ. ಆ ಸಹಿಯ ಮೇಲೆ ಅವಳಿಗೆ ತುಸು ಹೆಮ್ಮೆಯೂ ಇತ್ತು.

"ಕಳ್ಳನ ಮನಿ ಕಳ್ಳ ಕಾಯೋದು," ಎಂದು ಸಿದರಾಯ ನಗುತ್ತಿದ್ದ. ವಂತಿಗೆಯ ಮಾತು ಬಂದರೆ ಮಾತ್ರ ನಗುತ್ತಿರಲಿಲ್ಲ. ಎರಡು ರೂಪಾಯಿ ಎಲ್ಲಿ ಹೋಗುತ್ತದೆ, ಯಾರ ಕಿಸೆಗೆ ಹೋಗುತ್ತದೆ, ಯಾರ ಜೀಪಿನ ಎಣ್ಣೆಗೆ ಹೋಗುತ್ತದೆ ಎಂದು ಪ್ರತಿ ಸಲ ಕೇಳುತ್ತಿದ್ದ. ಮಗ ಹಾಲೇಶ ತಾಟಿನ ಕಡೆ ನೋಡುತ್ತಿದ್ದ.

ಆದರೂ ಸಿದರಾಯನ ಬಾಯಿ ಕಟ್ಟಿಹಾಕುವ ಸಂಗತಿಯೊಂದು ಅದೇ ಮನೆಯಲ್ಲಿತ್ತು. ಹಂಗಾಮಿನ ಮೊದಲ ಕಡಾಯಿ ಬೀರದೇವರದು. ಅಂದು ಮನೆಯ ಹಿರಿಯ ಹೆಂಗಸು ಉಪವಾಸ ಇದ್ದು, ಹಾಲು ಪಾಕಕ್ಕೆ ಬರುವ ಹೊತ್ತಿಗೆ ಕಡಾಯಿಯ ಮುಂದೆ ಒಬ್ಬಳೇ ನಿಂತು ಭಂಡಾರದ ಅರಿಶಿಣ ಹಾರಿಸುತ್ತಾಳೆ. ಗಂಡಸರು ಹೊರಗೆ ಹೋಗುತ್ತಾರೆ. ಪುಡಿ ಬಿಟ್ಟ ಮೇಲೆ ಊರಿನ ಬೆಲ್ಲವೆಲ್ಲ ಕಪ್ಪಾದರೂ ಸಿದರಾಯನ ಮನೆಯ ದೇವರ ಕಡಾಯಿ ಮಾತ್ರ ವರ್ಷವೂ ಬಂಗಾರದ ಹಾಗೆ ಬರುತ್ತಿತ್ತು. ಅವನ ಹೆಂಡತಿ ಸಾತವ್ವ ಆ ಪೆಂಟಿಗಳನ್ನು ಗಾಣದ ಮನೆಯ ಮೂಲೆಯಲ್ಲಿ ಬೇರೆ ಸಾಲು ಮಾಡಿ ಇಡುತ್ತಿದ್ದಳು. ಎರಡು ಗುಡಿಗೆ, ಉಳಿದವು ಬೀಗರಿಗೆ, ಹೆಣ್ಣುಮಕ್ಕಳ ಮನೆಗೆ.

"ನಿಮ್ಮ ಮುದ್ರಿ ಯಾಕ ಬೇಕು? ದೇವರ ಮುದ್ರಿ ಒತ್ಯಾನ ನೋಡು," ಎನ್ನುತ್ತಿದ್ದ ಸಿದರಾಯ, ಬಂದವರನ್ನೆಲ್ಲ ಆ ಸಾಲಿನ ಮುಂದೆ ನಿಲ್ಲಿಸಿ.

ಸಂಕ್ರಾಂತಿ ಮುಗಿದ ವಾರ ಮುಧೋಳದಿಂದ ಫೋನು ಬಂತು. ಎಲ್ಲರೂ ಊಟಕ್ಕೆ ಕೂತಿದ್ದರು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ. ವೈಶಾಲಿ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಕೇಳಿದಳು, ಮತ್ತೆ ಕೇಳಿದಳು, "ಖರೇನ?" ಎಂದಳು. ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂತು.

ಅನಗವಾಡಿಯಿಂದ ಹೋದ ಮಾಲಿನಲ್ಲಿ ಪುಡಿ ಸಿಕ್ಕಿತ್ತು. ಊರಿನ ಎಲ್ಲ ಮನೆಗಳ ಪೆಂಟಿಯೂ ಒಂದೇ ಗಾಡಿಯಲ್ಲಿ, ಒಂದೇ ಊರಿನ ಹೆಸರಿನಲ್ಲಿ ಹೋಗುವುದರಿಂದ ಯಾರದು ಎಂದು ಗೊತ್ತಿಲ್ಲ. ಶಿವರಾತ್ರಿಯೊಳಗೆ ಊರವರೇ ಹುಡುಕಿ ಬರೆದು ಕೊಡಬೇಕು. ಕೊಡದಿದ್ದರೆ ಇಡೀ ಊರಿನ ಮುದ್ರೆ ಹೋಗುತ್ತದೆ. ಇದಿಷ್ಟನ್ನೂ ವೈಶಾಲಿ ಸಣ್ಣ ದನಿಯಲ್ಲಿ ಹೇಳಿದಳು.

ಸಿದರಾಯ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಎಲ್ಲಾ ಮನಿ ಹಾಳಿ ಮ್ಯಾಲ ಛಲೋ ಐತಿ ಅಂತ ಸಹಿ ಮಾಡಿದಾಕಿ ಯಾರು?" ಎಂದ.

"ನಾನ ರೀ, ಮಾವಾರ."

"ಮತ್ತ ಪುಡಿ ಎಲ್ಲಿಂದ ಬಂತು? ಆಕಾಶದಿಂದ ಬಿತ್ತ?"

ಹಾಲೇಶ ಹೆಂಡತಿಯ ಪರವಾಗಿ ಬಾಯಿ ತೆರೆದ. ಆಕಿ ಒಬ್ಬಾಕಿನೇ ನೋಡಿಲ್ಲ, ರಾಚಪ್ಪ ಕಾಕಾನೂ ನೋಡ್ಯಾರ, ತುಕಾರಾಮನೂ ನೋಡ್ಯಾನ ಎಂದ. ಸಾತವ್ವ ಎಲ್ಲರಿಗೂ ಸುಮ್ಮನೆ ಇನ್ನೊಂದೊಂದು ರೊಟ್ಟಿ ಬಡಿಸಿದಳು. ವೈಶಾಲಿ ಅಂದು ಊಟ ಮಾಡಲಿಲ್ಲ. ಪುಡಿ ಹಾಕಿದವರ ಮೇಲೆ ಅವಳಿಗೆ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ತನ್ನ ಸಹಿಯ ಮೇಲೆ ಸಿಟ್ಟಿತ್ತು. ಇನ್ನು ಮುಂದೆ ತಾನು ಬರೆದದ್ದನ್ನು ಯಾರು ನಂಬುತ್ತಾರೆ ಎಂಬುದೇ ಅವಳ ಸಂಕಟವಾಗಿತ್ತು.

ಮರುದಿನ ಅವಳು ಮುಧೋಳಕ್ಕೆ ಹೊರಟಾಗ ಸಿದರಾಯನೂ ರುಮಾಲು ಸುತ್ತಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ. ಎಲ್ಲಿಗೆ ಎಂದು ಕೇಳಿದರೆ, ತನ್ನ ಎರಡು ರೂಪಾಯಿ ಎಲ್ಲಿ ಕೂತಿದೆ ಎಂದು ನೋಡಿಬರುತ್ತೇನೆ ಎಂದ. ಬೇಡ ಅನ್ನುವ ಧೈರ್ಯ ಯಾರಿಗಿದೆ.

ಒಕ್ಕೂಟದ ಕಚೇರಿ ಗೊಬ್ಬರದ ಅಂಗಡಿಯ ಮೇಲಿನ ಒಂದೇ ಖೋಲಿ. ಜೀಪು ಇರಲಿಲ್ಲ, ಸಾಹೇಬರೂ ಇರಲಿಲ್ಲ. ಗಾಜಿನ ನಳಿಗೆಗಳ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೇತಕಿ ಎಂಬ ಹುಡುಗಿ ಕೂತಿದ್ದಳು. ಜಮಖಂಡಿಯವಳು, ಮನೆಯಲ್ಲಿ ಮರಾಠಿ, ಪರೀಕ್ಷೆ ಮಾಡುವುದೇ ಅವಳ ನೌಕರಿ. ಮುದುಕ ಬಂದ ಕಾರಣ ಕೇಳಿ ಅವಳಿಗೆ ಖುಷಿಯಾಯಿತು. ಅಲ್ಲಿಯವರೆಗೆ ಯಾವ ರೈತನೂ ಪರೀಕ್ಷೆ ನೋಡಬೇಕೆಂದು ಮೆಟ್ಟಿಲು ಹತ್ತಿರಲಿಲ್ಲವಂತೆ.

ಅವಳು ಎರಡು ನಳಿಗೆಯಲ್ಲಿ ಬೆಲ್ಲದ ನೀರು ಹಾಕಿದಳು. ಎರಡಕ್ಕೂ ಒಂದೇ ಔಷಧಿಯ ಹನಿ ಬಿಟ್ಟಳು. ಒಂದು ಇದ್ದ ಹಾಗೆ ಇತ್ತು, ಇನ್ನೊಂದರ ಬಣ್ಣ ಕಣ್ಣೆದುರೇ ಬದಲಾಯಿತು. ಸಿದರಾಯ ಮೂಗು ತಾಗುವಷ್ಟು ಹತ್ತಿರ ಬಗ್ಗಿದ. ಇನ್ನೊಮ್ಮೆ ಮಾಡು ಅಂದ. ಅವಳು ಮಾಡಿದಳು. ನಳಿಗೆ ಅದಲು ಬದಲು ಮಾಡಿ ಮಾಡು ಅಂದ. ಅದನ್ನೂ ಮಾಡಿದಳು. ವೈಶಾಲಿ ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದಳು.

"ವಂತಿಗಿ ರೊಕ್ಕ ಎಲ್ಲಿ ಹೋಕ್ಕೈತಿ ಬಾಯೀ?" ಎಂದು ಸಿದರಾಯ ಕೇಳಿಯೇಬಿಟ್ಟ.

"ಈ ನಳಿಗಿ, ಈ ಔಷಧ, ಈ ಖೋಲಿ ಬಾಡಗಿ, ಕರೆಂಟು. ನನ್ನ ಪಗಾರನೂ ಅದರಾಗ ಐತ್ರಿ ಅಜ್ಜಾರ. ಜಾಸ್ತಿ ಅನಸ್ತಂದ್ರ ಹೇಳ್ರಿ."

ಸಿದರಾಯ ಅವಳ ಸವೆದ ಚಪ್ಪಲಿ ನೋಡಿದ. ಜಾಸ್ತಿ ಅನ್ನಲಿಲ್ಲ. ಯಾರ ಮನೆಯ ಪೆಂಟಿ ಎಂದು ನಳಿಗೆ ಹೇಳುತ್ತದೆಯೇ ಎಂದು ಮಾತ್ರ ಕೇಳಿದ. ಕೇತಕಿ ಇಲ್ಲವೆಂದು ತಲೆಯಾಡಿಸಿದಳು. ಮಾಲಿನಿಂದ ನಾಲ್ಕು ಪೆಂಟಿ ತೆಗೆದು ನೋಡಿದ್ದರು, ಮೂರು ಚೊಕ್ಕ, ಒಂದರಲ್ಲಿ ಪುಡಿ. ಅಷ್ಟೇ ಅವಳಿಗೆ ಗೊತ್ತಿದ್ದದ್ದು.

"ಪುಡಿ ಐತಿ ಅಂತ ನಾ ಹೇಳಬಹುದ್ರಿ. ಯಾರ ಕೈ ಅಂತ ಊರಾಗಿನವರ ಹೇಳಬೇಕು. ನೀವು ನೋಡ್ತೀರಿ ಅಂತ ನಂಬಿನೇ ನಾವು ಮುದ್ರಿ ಕೊಡೋದು," ಎಂದಳು ವೈಶಾಲಿಯ ಕಡೆ ತಿರುಗಿ. ಅವಳು ಬೈದದ್ದಲ್ಲ. ಆದರೂ ವೈಶಾಲಿಯ ಕಿವಿ ಬಿಸಿಯಾಯಿತು.

ಬರುವಾಗ ಬಸ್ಸಿನಲ್ಲಿ ಸಿದರಾಯ ವಂತಿಗೆಯ ಮಾತೆತ್ತಲಿಲ್ಲ. ಸಣ್ಣಗೆ ನಗುತ್ತಾ, "ಆ ಹುಡುಗಿ ನೋಡೋದು ಖರೆ ನೋಡ್ತಾಳ. ನೀವು ನೋಡ್ತೀರೋ ಇಲ್ಲೋ ಅದನ್ನ ನೋಡಬೇಕು," ಎಂದ. ಏನೋ ಒಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಗುವವನ ನಗು ಅದು. ವೈಶಾಲಿ ಕೆದಕಲು ಹೋಗಲಿಲ್ಲ.

ಉತ್ತರ ಸಿಕ್ಕಿದ್ದು ಒಲೆಯ ಮುಂದೆ. ಅತ್ತೆ ಹೋಳಿಗೆಗೆ ಬೇಳೆ ಆರಿಸುತ್ತಿದ್ದಳು. ಯಾಕೆ ಎಂದರೆ, ಮತ್ತೆ ತಪಾಸಣೆ ಇದೆಯಲ್ಲ, ಮಂದಿ ಬರುತ್ತಾರಲ್ಲ, ಈಗಲೇ ಬೇಳೆ ಹಸನು ಮಾಡಿ ಇಟ್ಟುಕೊಳ್ಳುತ್ತೇನೆ ಎಂದಳು. ಕೈ ಕೆಲಸ ಮಾಡುತ್ತಲೇ ಹಳೆಯ ತಪಾಸಣೆಗಳನ್ನೆಲ್ಲ ನೆನೆದಳು. ಮೊದಲ ವರ್ಷ ಹೋಳಿಗೆ, ಎರಡನೆಯ ವರ್ಷ ಮಾದಲಿ ಮತ್ತು ಕೆನೆಮೊಸರು, ಈ ಹಂಗಾಮಿನ ಮೊದಲಿಗೆ ಮತ್ತೆ ಹೋಳಿಗೆ, ರಾಚಪ್ಪ ನಾಲ್ಕು ಸಲ ಹಾಕಿಸಿಕೊಂಡಿದ್ದ.

"ಉಂಡ ಮ್ಯಾಲ ಗಾಣದ ಮನಿಗೆ ಹ್ವಾದ್ರೇನು?" ವೈಶಾಲಿ ಕೇಳಿದಳು.

ಸಾತವ್ವ ನೆನಪು ಮಾಡಿಕೊಂಡಳು. "ಬಾಗಲ್ದಾಗ ನಿಂತು ಹಣಿಕಿ ಹಾಕಿ ಬಂದ್ರು. ಎಲಿ ಅಡಿಕಿ ಹಾಕ್ಕೊಂಡ್ರು. ಅನ್ನ ಉಂಡ ಮನ್ಯಾಗ ಮೂಲಿ ಮೂಲಿ ಹುಡುಕಾಕ ಯಾರಿಗೆ ಮನಸ ಬರತೈತಿ ಬೇ? ನೀ ಬ್ಯಾರೆ ಮನ್ಯಾಗ ಏನ ಮಾಡಿದಿ?"

ವೈಶಾಲಿಯೂ ಪ್ರತಿ ಮನೆಯಲ್ಲಿ ಹೊಸ್ತಿಲು ದಾಟಿದ ಕೂಡಲೇ ಬೆಲ್ಲ-ನೀರು ತೆಗೆದುಕೊಂಡಿದ್ದಳು. ಬಂದವರಿಗೆ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಡುವುದು ನಮ್ಮ ಕಡೆಯ ಮೊದಲ ಮಾತು. ಆಮೇಲೆ ಚಹಾ, ಆಮೇಲೆ ಊಟ, ಆಮೇಲೆ ಮಕ್ಕಳ ಸಾಲೆಯ ವಿಚಾರ, ಮದುವೆಯ ವಿಚಾರ. ಬಿಸಿಲು ಇಳಿದ ಮೇಲೆ ಗಾಣದ ಬಾಗಿಲಲ್ಲಿ ಒಂದು ಕ್ಷಣ. 'ಛಲೋ ಐತಿ' ಎಂದು ಬರೆಯುವಾಗ ತುಪ್ಪದ ವಾಸನೆ ಇನ್ನೂ ಕೈಯಲ್ಲೇ ಇರುತ್ತಿತ್ತು.

ಅಂದೇ ಸಂಜೆ ಅವಳು ಗುಡಿಯ ಕಟ್ಟೆಯ ಮೇಲೆ ಸೇರಿದ ಸಭೆಯಲ್ಲಿ ಹೊಸ ಪದ್ಧತಿ ಹೇಳಿದಳು. ಮೊದಲು ಗಾಣ, ಆಮೇಲೆ ಹಾಳೆ. ಹಾಳೆ ಬರೆದು ಮುಗಿಯುವವರೆಗೆ ಆ ಮನೆಯಲ್ಲಿ ಬೆಲ್ಲ ಇಲ್ಲ, ನೀರೂ ಇಲ್ಲ. ಗುಂಪಿನ ಹಿರಿಯ ರಾಚಪ್ಪ, ಬೆಲ್ಲ ಮಾಡೋ ಮನ್ಯಾಗ ಬೆಲ್ಲ ಬ್ಯಾಡ ಅಂದ್ರ ಅದು ಬೈದಂಗ ಆಗತೈತಿ ಎಂದ. ಬೈದಂಗ ಆದ್ರ ಆಗ್ಲಿ ಎಂದಳು ವೈಶಾಲಿ. ಹಿಂದೆ ಕೂತಿದ್ದ ಸಿದರಾಯ ಮೀಸೆ ತಿರುವಿದ. ಸೊಸೆಯ ಮಾತಿಗೆ ಅವನು ಸಭೆಯಲ್ಲಿ ತಲೆಯಾಡಿಸಿದ್ದು ಅದೇ ಮೊದಲು.

ಮೊದಲ ಮನೆ ರಾಚಪ್ಪನದೇ ಬಂತು. ಸಿದರಾಯನ ಬಾಲ್ಯದ ಗೆಳೆಯ, ಇಬ್ಬರೂ ಕೂಡಿ ಕುರಿ ಕಾಯ್ದವರು. ರಾಚಪ್ಪನ ಹೆಂಡತಿ ಸೋಮವ್ವ ಸಭೆಯ ಸುದ್ದಿ ಕೇಳಿಯೂ ಪರಾತದಲ್ಲಿ ಬೆಲ್ಲ-ನೀರು ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ನನ್ನ ಕೈಯಿಂದ ಬೇಡ ಅನ್ನಲಿ ನೋಡೋಣ ಎಂಬ ಹಟ ಅವಳ ಮುಖದಲ್ಲಿ ಕಾಣುತ್ತಿತ್ತು. ಜೊತೆಗೆ ಬಂದ ತುಕಾರಾಮನ ಕೈ ತಂತಾನೇ ಮುಂದೆ ಹೋಯಿತು. ವೈಶಾಲಿ ಅವನ ತೋಳು ಹಿಡಿದು ಹಿಂದೆ ಎಳೆದಳು.

"ಆಮೇಲೆ ತಗೋತೀನ್ರಿ ಕಾಕೂ. ಮೊದಲ ಗಾಣ."

ಸೋಮವ್ವ ಪರಾತವನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದಳು. ಅವರು ಗಾಣದ ಮನೆಯ ಚೀಲಗಳನ್ನು ಸರಿಸಿ ನೋಡಿದರು, ಸುಣ್ಣದ ಡಬ್ಬಿ ತೆರೆದು ನೋಡಿದರು, ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ ನೆನೆಸುವ ಕೊಡದೊಳಗೆ ಕೈ ಹಾಕಿ ನೋಡಿದರು. ಪುಡಿಯ ಸುಳಿವೂ ಇರಲಿಲ್ಲ. ಕಬ್ಬಿನ ಸಿಪ್ಪೆಯ ರಾಶಿಯ ಹಿಂದೆ ರಾಚಪ್ಪ ಹೆಂಡತಿಗೆ ಕಾಣದಂತೆ ಇಟ್ಟಿದ್ದ ಬೀಡಿ ಕಟ್ಟೊಂದು ಸಿಕ್ಕಿತು. ವೈಶಾಲಿ ಅದನ್ನು ಇದ್ದಲ್ಲೇ ಇಟ್ಟು ಹಾಳೆಗೆ ಸಹಿ ಮಾಡಿ ಹೊರಗೆ ಬಂದಾಗ ಪರಾತದ ಬೆಲ್ಲಕ್ಕೆ ಇರುವೆ ಹತ್ತಿತ್ತು. ಸೋಮವ್ವ ಹೊರಗೆ ಬರಲಿಲ್ಲ.

ಅಲ್ಲಿಂದ ಮುಂದಿನ ದಿನಗಳು ಸಿದರಾಯನ ಮನೆಗೆ ಸುಖದವಲ್ಲ. ಹಿಟ್ಟಿನ ಗಿರಣಿಯಲ್ಲಿ ಸೋಮವ್ವ ಸಾತವ್ವನಿಗೆ ಬೆನ್ನು ತಿರುಗಿಸಿ ನಿಂತಳು. ಪ್ರತಿ ಹುಣ್ಣಿಮೆಗೆ ಅವರ ಮನೆಯಿಂದ ಬರುತ್ತಿದ್ದ ಕಡಬು ಬರಲಿಲ್ಲ. ಚಹಾದ ಅಂಗಡಿಯಲ್ಲಿ ಹಾಲೇಶನಿಗೆ ಹುಡುಗರು ಬೇಕೆಂದೇ ಬರೇ ಗ್ಲಾಸು ಕೊಟ್ಟು, "ಗಾಣ ನೋಡಿ ಬಾರಪ್ಪ, ಆಮೇಲೆ ಚಾ ಹಾಕ್ತೀವಿ," ಎಂದು ಕಾಡಿದರು. ಅವನು ಮನೆಗೆ ಬಂದು ಅದನ್ನೆಲ್ಲ ಹೆಂಡತಿಯ ಮೇಲೆ ತೀರಿಸಿಕೊಂಡ.

"ಊರಾಗ ಮಾರಿ ಎತ್ತಿ ತಿರಗಾಕ ಬರವಲ್ದು. ಒಂದು ಚೂರು ಬೆಲ್ಲ ಬಾಯಾಗ ಹಾಕ್ಕೊಂಡಿದ್ರ ಏನಾಗತಿತ್ತು?"

"ಹಾಕ್ಕೊಂಡಿದ್ದಕ್ಕ ಹಿಂಗ ಆಗೇತಿ," ಎಂದಳು ವೈಶಾಲಿ ರೊಟ್ಟಿ ಬಡಿಯುತ್ತಾ. ಅವಳು ಸಿಟ್ಟಿನಲ್ಲಿ ಬಡಿದ ರೊಟ್ಟಿ ಎಂದಿಗಿಂತ ತೆಳ್ಳಗಾಗಿತ್ತು ಎಂದು ಸಾತವ್ವ ಆಮೇಲೆ ಎಲ್ಲರಿಗೂ ಹೇಳಿದಳು.

ಮನೆ ಮನೆ ಮುಗಿಯುತ್ತಾ ಬಂದವು. ಎಲ್ಲಿಯೂ ಪುಡಿ ಸಿಗಲಿಲ್ಲ. ಉಳಿದದ್ದು ಸಿದರಾಯನ ಮನೆ ಒಂದೇ. ಸ್ವಂತ ಮನೆಯನ್ನು ವೈಶಾಲಿ ನೋಡುವಂತಿಲ್ಲ, ರಾಚಪ್ಪ ಮತ್ತು ತುಕಾರಾಮ ನೋಡಬೇಕು. ಆ ದಿನ ಬೆಳಗಿನಿಂದ ಸಿದರಾಯನಿಗೆ ಏನೋ ಹುರುಪು. ಸ್ನಾನ ಮಾಡಿ, ಒಗೆದ ಧೋತರ ಉಟ್ಟು, ಗಾಣದ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಪರೀಕ್ಷೆ ಬರೆಯುವವನಿಗಿಂತ ಪೇಪರು ತಿದ್ದುವವನ ಗತ್ತು.

ರಾಚಪ್ಪ ಬಂದ. ಸಾತವ್ವ ಮರೆತು ಬೆಲ್ಲ-ನೀರು ತಂದಳು. "ಬ್ಯಾಡಬೇ. ನಿನ್ನ ಸೊಸಿ ಕಾನೂನು," ಎಂದು ಅವನು ಪರಾತ ದಾಟಿ ನೆಟ್ಟಗೆ ಗಾಣದ ಮನೆಗೆ ನಡೆದ. ಅವಮಾನದ ಸೇಡು ಅವನ ಕಾಲಿನಲ್ಲೇ ಇತ್ತು. ಹೊಟ್ಟೆ ಹಸಿದಿತ್ತು, ಸಿಟ್ಟಿತ್ತು, ಬಿಸಿಲು ಏರಿರಲಿಲ್ಲ. ಮೂರು ವರ್ಷದಲ್ಲಿ ಮೊದಲ ಬಾರಿ ಅವನು ಆ ಗೋಡೆಗಳನ್ನು ಖರೆಯಾಗಿ ನೋಡಿದ. ಬಾಗಿಲಿನ ಎದುರಿಗೇ, ಎದೆಯ ಎತ್ತರಕ್ಕೆ, ದೀಪ ಇಡುವ ಮಾಡ. ಮಾಡದಲ್ಲಿ ಹಳೆಯ ಕಂದೀಲು. ಕಂದೀಲಿನ ಪಕ್ಕದಲ್ಲಿ ಒಂದು ಬಿಳಿ ಡಬ್ಬಿ.

"ಇದೇನಲೇ ಸಿದರಾಯ?"

ಸಿದರಾಯ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ. "ಪುಡಿ," ಎಂದ. "ಮುದ್ರಿ ಬಂದ ವರ್ಷನ ತಂದಿಟ್ಟೇನಿ. ಇಲ್ಲೇ, ಕಣ್ಣ ಮುಂದ. ಯಾರರ ಒಬ್ರು ನೋಡತೀರೇನಂತ ಇಟ್ಟಿದ್ದೆ. ಮೂರು ಹಂಗಾಮ ಬಂದ್ರಿ, ಉಂಡ್ರಿ, ಹ್ವಾದ್ರಿ. ಇವತ್ತ ಕಂಡ್ತು ನಿಮಗ." ದಿನಕ್ಕೆ ಹತ್ತು ಸಲ ವೈಶಾಲಿಯೂ ಅದೇ ಬಾಗಿಲಲ್ಲಿ ಓಡಾಡಿದವಳು.

"ಹಂಗಾರ ಮಾಲಿನಾಗಿನ ಪುಡಿ ಇದ," ಎಂದ ರಾಚಪ್ಪ.

"ಹೆಂಗ ಇದ ಆಕ್ಕೈತಿ? ಡಬ್ಬಿ ಒಡದಿಲ್ಲ ನೋಡು. ಮುಚ್ಚಳದ ಪಟ್ಟಿ ಹಂಗ ಐತಿ," ಎನ್ನುತ್ತಾ ಸಿದರಾಯ ಡಬ್ಬಿಯನ್ನು ಕೈಗೆ ತೆಗೆದುಕೊಂಡ. ಮುಚ್ಚಳ ಕೈಗೇ ಬಂತು. ಪಟ್ಟಿ ಇರಲಿಲ್ಲ. ಗಟ್ಟಿಯಾದ ಪುಡಿಯ ಒಂದು ಮಗ್ಗುಲು ಚಮಚದಿಂದ ಕೆತ್ತಿದ ಹಾಗೆ ಖಾಲಿಯಾಗಿತ್ತು. ಸಿದರಾಯ ಅದನ್ನೇ ನೋಡುತ್ತಾ ನಿಂತ. ಅವನ ಮುಖದ ನಗು ಹೋಗಿತ್ತು. ತನ್ನ ಕಣ್ಣನ್ನು ನಂಬಿದವನು, ತಾನೇ ಇಟ್ಟ ಡಬ್ಬಿಯನ್ನು ಮೂರು ವರ್ಷ ತಾನೂ ಮುಟ್ಟಿ ನೋಡಿರಲಿಲ್ಲ.

ಪರಾತ ಹಿಡಿದೇ ಬಾಗಿಲಿಗೆ ಬಂದಿದ್ದ ಸಾತವ್ವ, "ನಾ ತಗೊಂಡೇನ್ರಿ," ಎಂದಳು.

ಮುದ್ರೆ ಬಂದ ವರ್ಷ ಊರಿನ ಬೆಲ್ಲವೆಲ್ಲ ಕಪ್ಪಾಗಿತ್ತು. ಅಂಥ ಪೆಂಟಿಯನ್ನು ದೇವರ ಮುಂದೆ ಹೇಗೆ ಇಡುವುದು ಎಂದು ಅವಳಿಗೆ ಜೀವ ತಡೆಯಲಿಲ್ಲ. ಭಂಡಾರ ಹಾರಿಸಲು ಒಬ್ಬಳೇ ನಿಂತಾಗ ಎದುರಿನ ಮಾಡದಲ್ಲಿ ಡಬ್ಬಿ ಕಂಡಿತು. ಒಂದೇ ಚಮಚ ಹಾಕಿದಳು. ಮರುವರ್ಷವೂ ಹಾಕಿದಳು, ಈ ವರ್ಷವೂ ಹಾಕಿದಳು.

"ನೀವ ಇಟ್ಟಿದ್ರಲ್ಲ. ದೇವರ ಸಲುವಾಗಿ ಇಟ್ಟೀರಿ, ಬಾಯಿ ಬಿಟ್ಟು ಹೇಳಾಕ ಬರವಲ್ದು ಅಂತ ತಿಳಕೊಂಡೆ," ಎಂದಳು ಗಂಡನಿಗೆ.

ದೇವರ ಪೆಂಟಿ ಪೇಟೆಗೆ ಹೋಗುವುದಿಲ್ಲವಲ್ಲ ಎಂದು ತುಕಾರಾಮ ಕೇಳಿದ. ಆಗ ಹಾಲೇಶ ಕೆಮ್ಮಿದ. ಗಾಡಿ ತುಂಬುವಾಗ ಒಂದು ಪೆಂಟಿ ಕಡಿಮೆ ಬಿದ್ದಿತ್ತು. ಮೂಲೆಯ ಸಾಲಿನಿಂದ ಒಂದನ್ನು ಎತ್ತಿ, ಗೋಣಿತಾಟು ಸುತ್ತಿ, ಮುದ್ರೆ ಅಂಟಿಸಿ ಹಾಕಿದವನು ಅವನೇ. ದೇವರ ಕಡಾಯಿ ತಾನಾಗಿಯೇ ಬಂಗಾರದ ಬಣ್ಣ ಬರುತ್ತದೆ ಎಂದು ಅಪ್ಪ ಹೇಳಿದ್ದನ್ನು ಅವನು ನಂಬಿದ್ದ.

ಸಿದರಾಯ ಮೂಲೆಯ ಸಾಲಿನ ಹತ್ತಿರ ಹೋಗಿ ಒಂದು ಹಳದಿ ಪೆಂಟಿಯ ಮೇಲೆ ಕೈಯಿಟ್ಟ. ಊರ ಮಂದಿಯನ್ನೆಲ್ಲ ಕರೆದು ತೋರಿಸಿದ ಪೆಂಟಿಗಳು ಅವು. ಅವನಿಗೆ ನಿಜಕ್ಕೂ ದುಃಖವಾಗಿತ್ತು.

"ಹಂಗಾರ ಇಷ್ಟ ವರ್ಷ ದೇವರ ಮುದ್ರಿ ಅಂತ ನಾ ಕುಣದಿದ್ದು..."

"ದೇವರು ಹಳದಿನ ಬೇಕಂತ ಕೇಳಿಲ್ರಿ. ನಾನ ಅಂಜಿದೆ," ಎಂದಳು ಸಾತವ್ವ.

ರಾಚಪ್ಪನ ಸೇಡು ಎಲ್ಲಿ ಹೋಯಿತೋ. ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಒಂದ ಪೆಂಟಿ, ಅದೂ ದೇವರದು, ಬೇಕಂತ ಮಾಡಿದ್ದಲ್ಲ, ನಮ್ಮ ನಮ್ಮೊಳಗ ಇರಲಿ ಎಂದ. ಹಾಳೆಯ ಮೇಲೆ 'ಸಿಗಲಿಲ್ಲ' ಎಂದು ಬರೆದು ಕಳಿಸಿದರೆ ಮುಂದಿನ ವರ್ಷ ನೋಡಿಕೊಳ್ಳಬಹುದು ಎಂದ. ತುಕಾರಾಮ ಹೂಂ ಎಂದ. ಹಾಲೇಶನ ಮುಖದಲ್ಲಿ ಜೀವ ಬಂತು. ಎಲ್ಲರೂ ವೈಶಾಲಿಯ ಕಡೆ ನೋಡಿದರು, ಏಕೆಂದರೆ ಕೊನೆಯ ಸಹಿ ಅವಳದು.

ಬರೆದರೆ ಈ ಮನೆಯ ಮುದ್ರೆ ಹೋಗುತ್ತದೆ, ಬರುವ ಹಂಗಾಮು ಮುಗಿಯುವವರೆಗೆ. ಬರೆಯದಿದ್ದರೆ ಎಲ್ಲ ಮನೆಗಳ ಮುದ್ರೆ. ಅವಳು ಅತ್ತೆಯನ್ನು ನೋಡಿದಳು. ಆಗ ಮೂಲೆಯಿಂದ ಸಿದರಾಯ ಈ ಕಡೆ ತಿರುಗಿದ.

"ಬರಿಯವ್ವಾ. ಮೂರು ವರ್ಷ ದಾರಿ ನೋಡೇನಿ, ಯಾರರ ನೋಡ್ಯಾರು, ಬರದಾರು ಅಂತ. ಈಗ ನೋಡಿ ಬರೀಲಿಲ್ಲಂದ್ರ ನಾ ಯಾರನ್ನ ನಂಬಲಿ?"

ವೈಶಾಲಿ ಕಡಾಯಿಯ ಕಟ್ಟೆಯ ಮೇಲೆ ಹಾಳೆ ಇಟ್ಟಳು. ಮನೆಯ ಹೆಸರು ಬರೆದಳು, ಸಿಕ್ಕದ್ದು ಬರೆದಳು, ಹೇಗೆ ಹೋಯಿತು ಎಂದು ಬರೆದಳು. ಮೊದಲಿನ ವರ್ಷಗಳಲ್ಲಿ ತಾನು ನೋಡದೆ ಸಹಿ ಮಾಡಿದ್ದೇನೆ ಎಂದೂ ಯಾರೂ ಹೇಳದೆ ತಾನೇ ಬರೆದಳು. ಕಣ್ಣು ತುಂಬಿ ಬಂದು ಕೊನೆಯ ಸಾಲು ವಾರೆಯಾಯಿತು. ರಾಚಪ್ಪ ಸಹಿ ಮಾಡಿದ, ತುಕಾರಾಮ ಮಾಡಿದ, ಕೊನೆಗೆ ಅವಳು ಮಾಡಿದಳು.

ಸಾತವ್ವ ಪರಾತ ಮುಂದೆ ಚಾಚಿದಳು. ಚಾಚಿದವಳು ಏನನ್ನೋ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅದರಲ್ಲಿದ್ದದ್ದು ಹಳದಿ ಬೆಲ್ಲದ ಚೂರು. ಒಳಗೆ ಹೋಗಿ ಕರಿ ಬೆಲ್ಲ ತಂದಳು. ರಾಚಪ್ಪ ಬಾಯಿಗೆ ಹಾಕಿಕೊಂಡು, ತಂಬಿಗೆ ಎತ್ತಿ ಗಟಗಟ ನೀರು ಕುಡಿದು, ಮೀಸೆ ಒರೆಸಿಕೊಂಡ. "ಇವತ್ತ ಹೋಳಿಗಿ ಮಾಡಿಯೋ ಇಲ್ಲೋ?" ಎಂದು ಕೇಳಿದ.

ಶಿವರಾತ್ರಿಗೆ ಮೊದಲೇ ಕೇತಕಿಯ ಫೋನು ಬಂತು. ಅನಗವಾಡಿಯ ಉಳಿದ ಮನೆಗಳ ಮುದ್ರೆ ಉಳಿಯಿತು. ಬೇರೆ ಊರಿನ ಗುಂಪುಗಳಿಗೂ ಗಾಣ ನೋಡುವ ತನಕ ನೀರು ಮುಟ್ಟಬಾರದೆಂದು ಹೇಳಿ ಕಳಿಸಿದ್ದಾರಂತೆ. ವೈಶಾಲಿಯನ್ನು ತೆಗೆಯುತ್ತಾರೆ ಎಂದು ಹಾಲೇಶ ತಿಳಿದಿದ್ದ. ತೆಗೆಯಲಿಲ್ಲ. ಆ ಹಾಳೆಯನ್ನು ಓದಿದ ಮೇಲೆ ಅವಳ ಸಹಿಯೇ ಬೇಕು ಎಂದು ಕಟ್ಟೆಯ ಸಭೆಯಲ್ಲಿ ಮೊದಲು ಅಂದವಳು ಸೋಮವ್ವ. ಗಿರಣಿಯಲ್ಲಿ ಅವಳೇ ಸಾತವ್ವನ ಬುಟ್ಟಿಗೆ ಕೈ ಹಚ್ಚಿ ಇಳಿಸಿದಳು. ಕಡಬು ಮತ್ತೆ ಬಂತು. ಈಗ ವೈಶಾಲಿ ಯಾರ ಮನೆಗೆ ಹೋದರೂ ಹೆಂಗಸರು ಪರಾತದ ಮೇಲೆ ತಾಟು ಮುಚ್ಚಿಟ್ಟು, "ಮೊದಲ ನೋಡ್ಕೊಂಡ ಬಾರವ್ವಾ," ಎನ್ನುತ್ತಾರೆ.

ಮುಂದಿನ ಹಂಗಾಮಿನ ಮೊದಲ ಕಡಾಯಿಯ ದಿನ ಸಾತವ್ವ ಭಂಡಾರ ಹಾರಿಸಿ ಬೇರೇನನ್ನೂ ಹಾಕಲಿಲ್ಲ. ಕಪ್ಪು ಪೆಂಟಿಯನ್ನೇ ತಲೆಯ ಮೇಲೆ ಹೊತ್ತು ಗುಡಿಗೆ ಹೋದಳು. ಪೂಜಾರಿ ಒಡೆದು ಮಂದಿಗೆ ಹಂಚಿದ. ತಿಂದವರು ಬಾಯಿ ಚಪ್ಪರಿಸಿ ಇನ್ನೊಂದು ಚೂರು ಕೇಳಿದರು. ಸಿದರಾಯ ದೂರ ನಿಂತು ಎಲ್ಲರ ಮುಖ ನೋಡುತ್ತಿದ್ದ.

ಆ ವಾರ ಹಾಲೇಶ ಮುದ್ರೆಯಿಲ್ಲದ ಬೆಲ್ಲವನ್ನು ಪೇಟೆಗೆ ಹಾಕಿ ಬಂದ. ಎಲ್ಲರೂ ಊಟಕ್ಕೆ ಕೂತರು. ಪುಂಡಿ ಪಲ್ಯ, ರೊಟ್ಟಿ, ಹಸಿ ಉಳ್ಳಾಗಡ್ಡಿ. ದರ ಕಡಿಮೆ ಸಿಕ್ಕಿತ್ತು, ಅದನ್ನು ಹಾಲೇಶ ಹೇಳಿದ. ಸಿದರಾಯ ಮಾರಾಟದ ಚೀಟಿ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದರಾಗ ವಂತಿಗಿ ಎಲ್ಲಿ?"

"ಮುದ್ರಿ ಇಲ್ಲಲ್ಲ ಯಪ್ಪಾ. ಹಿಡಿಯಂಗಿಲ್ಲ ಅವರು."

ಸಿದರಾಯನ ಕೈಯಲ್ಲಿದ್ದ ತುತ್ತು ತಾಟಿಗೆ ಇಳಿಯಿತು. ಮೂರು ವರ್ಷ ಆ ಎರಡು ರೂಪಾಯಿಗಾಗಿ ಜಗಳಾಡಿದ ಮನುಷ್ಯ.

"ಹಿಡಿಯಂಗಿಲ್ಲ ಅಂದ್ರ ಹೆಂಗ? ಊರ ಮಂದಿ ಎಲ್ಲಾರ ಕಡೆ ಹಿಡೀತಾರ, ನಮ್ಮ ಕಡೆ ಯಾಕ ಬ್ಯಾಡ? ಮತ್ತ ನಮ್ಮ ಗಾಣ ನೋಡಾಕ ಯಾರ ಬರತಾರ ಈ ಸಲ?"

ಸಾತವ್ವ ನಗು ತಡೆಯಲು ಸೆರಗು ಬಾಯಿಗೆ ಹಿಡಿದಳು. ಒಲೆಯ ಮುಂದಿನಿಂದ ವೈಶಾಲಿ ಎದ್ದು ಬಂದು ಮಾವನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು.

"ನಾ ಬರತೀನ್ರಿ ಮಾವಾರ, ರಾಚಪ್ಪ ಕಾಕಾನ ಕರಕೊಂಡು. ನೀರೂ ಕುಡಿಯಂಗಿಲ್ಲ."

"ಬಾ ಮತ್ತ," ಎಂದ ಸಿದರಾಯ, ತುತ್ತು ಎತ್ತಿಕೊಂಡ.